ತಪ್ಪು ಹಿಡಿದವರಿಗೆ ಒಂದು ಪೆನ್ಸಿಲ್

ಮೂವತ್ತೊಂದು ವರ್ಷ, ಒಂಬತ್ತು ದೇಶ, ನಾನೂರು ಚಿಲ್ಲರೆ ಶಾಲೆ. ಹಾಜರಿ ಅಕ್ಕನ ಸನ್ಮಾನಪತ್ರಗಳಲ್ಲಿ ಇರುವುದಿಷ್ಟು. ಸುಳ್ಳೇನಲ್ಲ. ಯಾವ ಶಾಲೆಗೆ ಕಾಲಿಟ್ಟರೂ ಕುಡಿಯಲು ನೀರು ಕೇಳುವ ಮೊದಲು ಹಾಜರಿ ಪುಸ್ತಕ ಕೇಳುವವಳು ಆಕೆ. ಹೆಸರು ಅಂಟಿಕೊಂಡದ್ದು ಹಾಗೆ. ಆಕೆಯ ಜೀಪಿನ ಸದ್ದು ಕೇಳಿದರೆ ಸಾಕು, ಸೋಮಾರಿ ಮೇಷ್ಟ್ರುಗಳ ಎದೆ ಢವಗುಟ್ಟುತ್ತಿತ್ತು.

ನದಿಯ ಎರಡು ದಡದವರು ಒಬ್ಬರನ್ನೊಬ್ಬರು ಕೊಚ್ಚಿ ಹಾಕುತ್ತಿದ್ದ ಒಂದು ಸೀಮೆಗೆ ಆಕೆ ದುಡಿಯುತ್ತಿದ್ದ ಶಿಕ್ಷಣ ಸಂಸ್ಥೆ ಆಕೆಯನ್ನು ಕಳಿಸಿತು. ಆಚೆ ದಡದಿಂದ ಜೀವ ಉಳಿಸಿಕೊಂಡು ಓಡಿಬಂದವರ ಮಕ್ಕಳನ್ನು ಶಾಲೆಗಳು ಹತ್ತಿರ ಸೇರಿಸುತ್ತಿರಲಿಲ್ಲ. ಈ ಕಳ್ಳಾಟ ಹಿಡಿಯಲೆಂದೇ ಅಕ್ಕ ಹಾಜರಿ ಪುಸ್ತಕದಲ್ಲಿ ಏಳನೆಯ ಕಾಲಂ ಹಾಕಿಸಿದಳು: ಯಾವ ದಡ? ವರ್ಷ ತುಂಬುವುದರೊಳಗೆ ಒಂದೇ ಶಾಲೆಯಲ್ಲಿ ಆಚೆ ದಡದ ಹದಿನಾಲ್ಕು ಮಕ್ಕಳು ಕೂತರು. ಆಕೆಗೆ ಹೆಮ್ಮೆ.

ಹಾಜರಿಯಲ್ಲಿ ಸುಳ್ಳು ಕೂಡದು ಎಂಬುದು ಆಕೆಯ ಮೊದಲ ಪಾಠ. ತರಗತಿಯಲ್ಲಿ ಹಾಜರಿ ಕರೆಯುವಾಗ ಬೇಕೆಂದೇ ತಪ್ಪು ಓದುತ್ತಿದ್ದಳು. ಎದ್ದು ನಿಂತು ತಪ್ಪು ಹಿಡಿದ ಮಗುವಿಗೆ ಒಂದು ಪೆನ್ಸಿಲ್.

ಒಂದು ಬೆಳಿಗ್ಗೆ ಅಕ್ಕ ಅದೇ ಶಾಲೆಯಲ್ಲಿದ್ದಾಗ ಈಚೆ ದಡದ ಬಂದೂಕಿನವರು ತರಗತಿಗೇ ನುಗ್ಗಿದರು. ಹಾಜರಿ ಪುಸ್ತಕ ಎಲ್ಲಿ ಎಂದರು. ಇಲ್ಲವೆಂದ ಹೆಡ್‌ಮಾಸ್ತರರ ಬಾಯಿಗೆ ಬಂದೂಕಿನ ಹಿಡಿ ಬಿತ್ತು. ಎರಡು ಹಲ್ಲು ನೆಲಕ್ಕುದುರಿದವು. ಮತ್ತೆ ಇಲ್ಲವೆಂದರು. ಬೂಟುಗಾಲು ಅವರ ಬೆರಳುಗಳನ್ನು ನೆಲಕ್ಕೆ ಒತ್ತಿ ಮುರಿಯಿತು. ಅಷ್ಟರಲ್ಲಿ ಇನ್ನೊಬ್ಬ ಬೀರು ಒಡೆದು ಪುಸ್ತಕ ಎಳೆದ.

ನಾಯಕ ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಅವನಿಗೆ ಅಕ್ಷರ ಬಾರದೆಂದು ಅಕ್ಕನಿಗೆ ತಿಳಿದುಹೋಯಿತು. ಅವನ ಜೊತೆಯವರಿಗೂ ಬಾರದು. ಪುಸ್ತಕವನ್ನು ಆಕೆಯ ಕೈಗೆ ತುರುಕಿ, ಕಿವಿಯ ಹಿಂದೆ ನಳಿಕೆ ಒತ್ತಿದ.

"ಯಾರ‍್ಯಾರು ಯಾವ ದಡ, ಒಂದೊಂದೇ ಓದು."

ಅಕ್ಕ ಓದಿದಳು. ಈಚೆ ದಡ. ಈಚೆ ದಡ. ಈಚೆ ದಡ. ಜೀವಮಾನದಲ್ಲೇ ಮೊದಲ ಸಲ ಹಾಜರಿಯಲ್ಲಿ ಸುಳ್ಳು; ದನಿ ಮಾತ್ರ ನಡುಗಲಿಲ್ಲ. ಮೂವತ್ತು ಹೆಸರು ದಾಟಿದವು. ನಾಯಕ ಆಕಳಿಸಿದ. ಇನ್ನು ಹತ್ತು ಹೆಸರು ಮುಗಿದರೆ ಗೆದ್ದ ಹಾಗೆ.

ಹಿಂದಿನ ಸಾಲಿನಲ್ಲಿ ಆರು ವರ್ಷದ ಹುಡುಗಿ ಎದ್ದು ನಿಂತಳು. ಹೆದರಿ ಬಿಳುಚಿದ ಮಗು ತನಗೆ ಗೊತ್ತಿದ್ದ ಒಂದೇ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಅಕ್ಕಾ, ತಪ್ಪು ಓದಿದ್ರಿ. ನಂದು ಆಚೆ ದಡ. ನಮ್ಮ ತಮ್ಮಂದೂ ಅದೇ."

ಹೇಳಿ, ಪೆನ್ಸಿಲ್‌ಗೆ ಕೈ ಚಾಚಿತು.

ಅಕ್ಕ ಪುಸ್ತಕ ಎಸೆದು ನಾಯಕನ ಮೇಲೆ ಹಾರಿದಳು, ಅವನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಬಂದೂಕಿನ ಹಿಡಿ ಬಿದ್ದು ತನ್ನ ಹೆಗಲ ಮೂಳೆ ಮುರಿದ ಸದ್ದು ಆಕೆಗೇ ಕೇಳಿಸಿತು. ಆ ಗದ್ದಲದಲ್ಲಿ ಮಕ್ಕಳು ಹಿಂಬಾಗಿಲಿನಿಂದ ಹೊಲಕ್ಕೆ ಚೆದುರಿದರು. ಹುಡುಗಿಯ ಜಡೆ ಒಬ್ಬನ ಕೈಗೆ ಸಿಕ್ಕಿತು. ಅವಳನ್ನು ಬಿಟ್ಟು ಓಡಲು ಅವಳ ತಮ್ಮ ಒಪ್ಪಲಿಲ್ಲ. ಅಂಗಳದಲ್ಲಿ ಎರಡು ಗುಂಡು ಹಾರಿದವು.

ಆ ಮೇಲೂ ಆಕೆ ಹದಿನೇಳು ವರ್ಷ ದುಡಿದಳು. ಏಳನೆಯ ಕಾಲಂ ಕಂಡಲ್ಲೆಲ್ಲ ತನ್ನ ಕೈಯಾರೆ ಹರಿದಳು.

ಕೊನೆಯ ಸನ್ಮಾನದ ದಿನ ಸಭಾಂಗಣ ತುಂಬಿತ್ತು. ಈಕೆಯ ಶಾಲೆಗಳಲ್ಲಿ ಒಂದು ಮಗುವಿನ ಕೂದಲೂ ಕೊಂಕಲಿಲ್ಲ ಎಂದು ಅಧ್ಯಕ್ಷರು ಪತ್ರ ಓದುತ್ತಿದ್ದರು. ವಾರೆಯಾಗಿ ಕೂಡಿಕೊಂಡ ಹೆಗಲಿನ ಮುದುಕಿ ಎದ್ದು ನಿಂತಳು.

"ತಪ್ಪು ಓದಿದ್ರಿ," ಎಂದಳು. "ಇಬ್ಬರು."