ಎದುರುಮನೆ ಅಕ್ಕನ ಕಬ್ಬಿಣದ ಕಿವಿ

ಮೊನ್ನೆ ಕಲಬುರಗಿಯಲ್ಲಿ ಫೋನಿನ ಚಾರ್ಜರ್ ಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಗೋಡೆಯ ತುಂಬ ಹೆಡ್‌ಫೋನುಗಳು ನೇತಾಡುತ್ತಿದ್ದವು. ಗುಲಾಬಿ, ಹಸಿರು, ಬಂಗಾರದ ಬಣ್ಣದವು. ಕಾಲೇಜಿನ ಹುಡುಗಿಯೊಬ್ಬಳು ಒಂದನ್ನು ಹಾಕಿಕೊಂಡು ಕನ್ನಡಿ ನೋಡಿ ಮುಖ ಸಿಂಡರಿಸಿದಳು. "ಛಂದ ಇಲ್ರಿ ಇದು. ತಲಿ ಮ್ಯಾಲ ಬುಟ್ಟಿ ಹೊತ್ತಂಗ ಕಾಣ್ತದ."

"ಛಂದ ತಗೊಂಡು ಏನ್ ಮಾಡ್ತೀರಿ, ಸೌಂಡ್ ಕೇಳ್ರಿ ಸೌಂಡ್," ಎಂದ ಅಂಗಡಿಯವನು.

ಅವಳು ಕೇಳಲಿಲ್ಲ, ತೆಗೆದಿಟ್ಟಳು. ಹೊಸ ರಬ್ಬರಿನ, ಪ್ಲಾಸ್ಟಿಕ್ಕಿನ ವಾಸನೆ... ನಾನು ಬಂದ ಕೆಲಸವೇ ಮರೆತು ನಿಂತೆ. ಶಹಾಬಾದಿನ ನಮ್ಮ ಓಣಿ ಕಣ್ಣಿಗೆ ಬಂತು. ಎದುರುಮನೆಯ ಅಕ್ಕ ಬಂದಳು, ತಲೆಯ ಮೇಲೆ ಆ ಕಬ್ಬಿಣ ಹೊತ್ತುಕೊಂಡು.

ಮದುವೆಯಾಗಿ ನಾನು ಶಹಾಬಾದಿಗೆ ಬಂದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ನಮ್ಮ ಯಜಮಾನರಿಗೆ ಅಲ್ಲಿ ಸರಕಾರಿ ನೌಕರಿ. ಗುರುತಿನವರಿಲ್ಲದ ಊರು. ಮೊದಲು ಮಾತಾಡಿಸಿದವಳು ಎದುರುಮನೆಯ ಸೊಸೆ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಗಂಡ ಕಲ್ಲುಗಣಿಯಲ್ಲಿ ಮೇಸ್ತ್ರಿ. ಮನೆಯಲ್ಲಿ ಅತ್ತೆ, ಮದುವೆಯ ವಯಸ್ಸಿಗೆ ಬಂದ ನಾದಿನಿ, ಮತ್ತೆ ಅಕ್ಕನ ಐದು ವರ್ಷದ ಮಗಳು. ನಾನು ಮಾತಾಡುವಾಗ ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. ನನ್ನ ಉಬ್ಬುಹಲ್ಲು ನೋಡುತ್ತಾಳೆಂದು ನನಗೆ ನಾಚಿಕೆ. ಒಮ್ಮೆ ಅವಳ ಬೆನ್ನ ಹಿಂದೆ ನಿಂತು ಎಷ್ಟು ಕರೆದರೂ ತಿರುಗಲಿಲ್ಲ. ಆಗ ತಿಳಿಯಿತು. ಬಾಣಂತನದಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತಿಂದುಹಾಕಿತ್ತು.

"ಯಾರ ಮುಂದೂ ಹೇಳಬ್ಯಾಡ ತಂಗಿ," ಎಂದು ನನ್ನ ಕೈ ಹಿಡಿದಳು. "ಮನ್ಯಾಗ ಗೊತ್ತದ. ಓಣಿಗಿ ಗೊತ್ತಾದ್ರ ಇವರು ನನ್ನ ಇಟ್ಕೊಳ್ಳಂಗಿಲ್ಲ."

ಅವಳ ತಮ್ಮ ಚಿತ್ತಾಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಹೈದರಾಬಾದಿನ ಸಂತೆಯಲ್ಲಿ ಸಿಕ್ಕ ಮಿಲಿಟರಿಯ ಹಳೆ ಹೆಡ್‌ಫೋನ್ ತಂದು, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಏನೇನೋ ತಂತಿ, ಸೆಲ್ಲು ಕೂಡಿಸಿ, ಅಕ್ಕನಿಗಾಗಿ ಒಂದು ಯಂತ್ರ ಮಾಡಿದ. ಡಬ್ಬಿಯ ಮುಂದೆ ಮಾತಾಡಿದರೆ ಕಿವಿಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ನೋಡಲು ಮಾತ್ರ... ಈಗಲೂ ಹೇಳಲು ಸಂಕಟವಾಗುತ್ತದೆ. ಕಿವಿಗಳ ಮೇಲೆ ಕಪ್ಪು ಚಿಪ್ಪಿನಂಥ ಎರಡು ಬಟ್ಟಲು, ನೆತ್ತಿಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಪಟ್ಟಿ, ಅದು ಒತ್ತಬಾರದೆಂದು ಸುತ್ತಿದ ಸೈಕಲ್ ಟ್ಯೂಬಿನ ರಬ್ಬರು. ಕೊರಳಲ್ಲಿ ಚೀಲ, ಚೀಲದಲ್ಲಿ ಡಬ್ಬಿ.

ಮೊದಲ ಸಲ ಹಾಕಿಕೊಂಡದ್ದು ನನ್ನ ಅಡುಗೆಮನೆಯಲ್ಲಿ. ಒಗ್ಗರಣೆಯ ಸಾಸಿವೆ ಸಿಡಿದದ್ದಕ್ಕೆ ಬೆಚ್ಚಿಬಿದ್ದಳು, ನಕ್ಕಳು. ಅಷ್ಟರಲ್ಲಿ ಅವಳ ಮಗಳು ಅಂಗಳದಿಂದ ಓಡಿಬಂದು, "ಅವ್ವಾ, ಹಸಿವ್ಯಾಗ್ಯಾದ," ಎಂದಳು. ಅಕ್ಕ ತಟ್ಟನೆ ಅವಳತ್ತ ತಿರುಗಿದಳು. ಹೆತ್ತ ಮಗಳ ಮಾತನ್ನು ಅವಳು ಅಂದಿನವರೆಗೆ ಕೇಳಿರಲಿಲ್ಲ.

"ಇನ್ನೊಮ್ಮಿ ಅನ್ನು. ಏನರ ಅನ್ನು," ಎನ್ನುತ್ತ ಹುಡುಗಿಯ ಬಾಯಿಗೆ ಡಬ್ಬಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ದನಿ ಸ್ವಲ್ಪ ಒಡಕು ಅದ, ಅಲ್ಲಾ? ನಮ್ಮವ್ವಂದು ಹಿಂಗೇ ಇತ್ತು," ಎಂದಳು. ಅಂಥ ಮುಖವನ್ನು ನಾನು ಮತ್ತೆ ಯಾರಲ್ಲೂ ಕಾಣಲಿಲ್ಲ.

ಆದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಎತ್ತಿಗಿ ನೊಗ ಕಟ್ಟಿದಂಗ ಕಾಣ್ತಿ. ನಾಕು ಮಂದ್ಯಾಗ ನಾ ಹ್ಯಾಂಗ ತಲಿ ಎತ್ತಲಿ?" ಎಂದ ಗಂಡ. ಅಕ್ಕ ಅದರ ಮೇಲೆ ಸೆರಗು ಹೊದ್ದು ನೋಡಿದಳು. ಸೆರಗಿನೊಳಗೆ ಎರಡು ಕೊಂಬು ಮೂಡಿದಂತಾಯಿತು. ಬಟ್ಟಲುಗಳಿಗೆ ಕೆಂಪು ಮಖಮಲ್ಲಿನ ಗವುಸು ಹೊಲಿದು, ಕನ್ನಡಿಯ ಚೂರು ಕೂಡಿಸಿದಳು. ಇನ್ನೂ ವಿಕಾರವಾಯಿತು. ನನ್ನ ಮುಂದೆ ಹಿಡಿದು, "ಈಗರ ಪಾಡ ಕಾಣ್ತದೇನು ತಂಗಿ? ಖರೆ ಹೇಳು," ಎಂದು ಕೇಳಿದಳು. ಕಾಣುತ್ತದೆ ಎಂದೆ. ಅವಳಿಗೂ ಗೊತ್ತಿತ್ತು.

ಅದೇ ಚಳಿಗಾಲದಲ್ಲಿ ನಾದಿನಿಯನ್ನು ನೋಡಲು ಸೇಡಂ ಕಡೆಯ ಬೀಗರು ಬಂದರು. ಒಳ್ಳೆಯ ಮನೆತನ. ಅತ್ತೆ ಮೊದಲೇ ಹೇಳಿದ್ದಳು: "ಅದನ್ನ ತಗದಿಡು. ಏನೂ ಮಾತಾಡಬ್ಯಾಡ, ಸುಮ್ನ ನಕ್ಕೋತ ಕೂಡು." ಅಕ್ಕ ತೆಗೆದಿಟ್ಟಳು. ನಾನು ಒಳಗೆ ಚಹಾ ಸೋಸುತ್ತಿದ್ದೆ. ವರನ ತಾಯಿ ಅಕ್ಕನ ಪಕ್ಕದಲ್ಲಿ ಕುಳಿತಿದ್ದಳು. ತಲೆ ತಗ್ಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತನ್ನ ದೊಡ್ಡ ಮಗಳು ಹೆರಿಗೆಯಲ್ಲಿ ತೀರಿಹೋದದ್ದನ್ನು ಹೇಳಿದಳು. ತುಟಿ ಕಾಣಲಿಲ್ಲ. ಅಕ್ಕ ಏನನ್ನು ಊಹಿಸಿದಳೋ, ಸುಮ್ಮನಿದ್ದರೆ ಸೊಕ್ಕು ಎಂದಾರೆಂದು ಅಂಜಿದಳೋ... ನಗುತ್ತ, "ಭಾಳ ಛಲೋ ಆತ್ರಿ. ದೇವರು ಕಣ್ಣ ತೆರದ ನೋಡ್ರಿ," ಎಂದುಬಿಟ್ಟಳು.

ಆ ತಾಯಿ ಎದ್ದುನಿಂತಳು. ನಾನು ಬಾಗಿಲಿಗೆ ಬಂದು ಕೈಸನ್ನೆ ಮಾಡುತ್ತಿದ್ದೆ. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ತುಟಿಯ ಮೇಲಿನ ನಗೆಯನ್ನು ತೆಗೆಯಬೇಕೋ ಬೇಡವೋ ತಿಳಿಯದೆ. ಬೀಗರು ಚಹಾ ಮುಟ್ಟದೆ ಹೋದರು.

ಮರುದಿನವೇ ಗಂಡ ಅವಳನ್ನು ಚಿತ್ತಾಪುರಕ್ಕೆ ಒಯ್ದು ತಮ್ಮನ ಮನೆಯಲ್ಲಿ ಬಿಟ್ಟುಬಂದ. ಮಗಳನ್ನು ಕಳಿಸಲಿಲ್ಲ.

ಬೇಸಿಗೆ ಹುಟ್ಟುವ ಹೊತ್ತಿಗೆ ಅಕ್ಕ ತಮ್ಮನನ್ನು ಕರೆದುಕೊಂಡು ಮರಳಿದಳು. ಈ ಸಲ ಸೆರಗು ಹೆಗಲ ಮೇಲಿತ್ತು. ಬರಿದಲೆಯ ಮೇಲೆ ಆ ಕಬ್ಬಿಣದ ಪಟ್ಟಿ ಹಾಡಹಗಲಲ್ಲಿ ಓಣಿಗೆಲ್ಲ ಕಾಣುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದರು. ಅವಳು ಯಾರನ್ನೂ ನೋಡದೆ ತನ್ನ ಮನೆಯ ಚಿಲಕ ಬಡಿದಳು.

"ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗ್ಯಾದರಿ. ನಾ ಕಿವುಡಿ ಇದ್ದೀನಿ. ಇದಿದ್ರ ಕೇಳಸ್ತದ. ಬಾಗಲಾ ತೆಗೀರಿ," ಎಂದಳು.

ಕಿಟಕಿಯಿಂದ ಗಂಡನ ಮಾತು ಬಂತು. "ಅದನ್ನ ಹೊರಗ ಬಿಟ್ಟು ಬರೋದಿದ್ರ ಬಾ. ಇಲ್ಲಂದ್ರ ಬಂದ ದಾರಿ ಹಿಡಿ."

ಒಳಗಿನಿಂದ ಹುಡುಗಿ "ಅವ್ವಾ" ಎಂದು ಕಿರುಚಿಕೊಂಡಳು. ಯಾರೋ ಹಿಡಿದುಕೊಂಡಿದ್ದರೆಂದು ಕಾಣುತ್ತದೆ; ಅಳು ದೂರವಾಗಿ ಹಿಂದಿನ ಕೋಣೆಗೆ ಹೋಯಿತು. ಅಕ್ಕ ಡಬ್ಬಿಯನ್ನು ಬಾಗಿಲಿಗೆ ಒತ್ತಿ ಹಿಡಿದು ಕೇಳುತ್ತ ನಿಂತಳು. ಬಿಸಿಲು ಏರಿತು. ನಾನು ನೀರು ಒಯ್ದು ಕೊಟ್ಟರೆ ಕುಡಿಯಲಿಲ್ಲ. ಕಡೆಗೆ ಎರಡೂ ಕೈಯಿಂದ ಅದನ್ನು ತಲೆಯಿಂದ ತೆಗೆದಳು. ಕೂದಲು ಪಟ್ಟಿಗೆ ಸಿಕ್ಕಿಕೊಂಡಿತ್ತು, ಎಳೆದಳು. ನನ್ನ ಕೈಗಿಟ್ಟಳು.

"ಇದರಾಗ ಅಕಿ ದನಿ ಸಿಗ್ತದ ತಂಗಿ. ಅಕಿ ಸಿಗಂಗಿಲ್ಲ."

ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಾಗಿಲು ತೆರೆಯಿತು, ಒಳಗೆ ಹೋದಳು.

ಅವಳ ತಮ್ಮ ನಮ್ಮ ಕಟ್ಟೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡ. "ಕೇಳಿಸಿದ್ರ ಸಾಕಂತ ತಿಳಿದಿದ್ದೆ ಅಕ್ಕಾರ. ಕಣ್ಣಿಗಿ ಹ್ಯಾಂಗ ಕಾಣ್ತದ ಅನ್ನೋದು ನಾ ನೋಡಲೇ ಇಲ್ಲ," ಎಂದ. ಆ ಮನೆಗೆ ಬೇಕಾಗಿದ್ದದ್ದು ಚಂದದ ಯಂತ್ರವೋ, ಕಿವುಡಾಗದ ಸೊಸೆಯೋ? ಇಂದಿಗೂ ನನಗೆ ತಿಳಿದಿಲ್ಲ.

ಆಮೇಲೆ ಕೆಲವು ಮಧ್ಯಾಹ್ನ ಅಕ್ಕ ಮಗಳನ್ನು ಕರೆದುಕೊಂಡು ಕದ್ದು ನಮ್ಮ ಮನೆಗೆ ಬಂದಳು. ಅದನ್ನು ಹಾಕಿಕೊಂಡು, ಮಗಳಿಂದ ಮಗ್ಗಿ ಹೇಳಿಸಿ ಕೇಳುತ್ತಿದ್ದಳು. ಒಂದು ದಿನ ಬರುವುದು ನಿಲ್ಲಿಸಿದಳು. ನಾನೇ ಕರೆಯಲು ಹೋದಾಗ ತಲೆಯಲ್ಲಾಡಿಸಿದಳು. "ಬ್ಯಾಡ ತಂಗಿ. ಇಲ್ಲಿ ಕೇಳಿ ಮನಿಗಿ ಹೋದ್ರ ಇನ್ನಷ್ಟು ಕಿವುಡ ಆಗ್ತದ."

ಯಜಮಾನರಿಗೆ ಚಿಂಚೋಳಿಗೆ ವರ್ಗವಾದಾಗ ಅದನ್ನು ಅವಳ ತಮ್ಮನಿಗೆ ಕೊಟ್ಟುಬಂದೆ. ಹೊರಡುವ ದಿನ ಅಕ್ಕ ಬಾಗಿಲಲ್ಲಿ ನಿಂತು ಕೈಯೆತ್ತಿದಳು. ಮತ್ತೆ ನೋಡಲಿಲ್ಲ...

ಹೋದ ವರ್ಷ ವಾಡಿ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕುಳಿತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬಳು ಬಂದು ನನ್ನ ಗದ್ದ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ತುಟಿ ಅಗಲಿಸಿ ಒಂದೊಂದೇ ಮಾತು ಬಿಡಿಸಿ ಕೇಳಿದಳು: "ಗುರ್ತು ಸಿಕ್ತೇನ್ರಿ ಚಿಗವ್ವಾ? ಶಹಾಬಾದ್, ಎದುರು ಮನಿ."

ಅವಳು ಅಕ್ಕನ ಮಗಳು. ಅಕ್ಕ ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಹೇಳಿ ಮುಗಿಸಿದ ಮೇಲೂ ಅವಳು ನನ್ನ ಗದ್ದ ಬಿಟ್ಟಿರಲಿಲ್ಲ. ಆಮೇಲೆ ಎಚ್ಚರವಾಗಿ ಕೈ ಹಿಂದಕ್ಕೆಳೆದುಕೊಂಡಳು.

"ತಪ್ಪ ತಿಳಿಬ್ಯಾಡ್ರಿ. ಅವ್ವನ ಕೂಡ ಮಾತಾಡಿ ಮಾತಾಡಿ ರೂಢಿ ಆಗಿಬಿಟ್ಟದ. ಅವ್ವ ಇಲ್ಲ ಅಂದ್ರ ಈ ಕೈ ಕೇಳವಲ್ದು."