ನೆಲ ಮುಟ್ಟದ ಕೈ

ನೋವು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ದೆವ್ವ, ಗಾಳಿ, ದೃಷ್ಟಿ ಯಾವುದನ್ನೂ ನಂಬಿದವಳಲ್ಲ. ಮಗಳಿಗೆ ದೃಷ್ಟಿ ತೆಗೆಯಲು ಬಂದ ಅತ್ತೆಯನ್ನೇ ಒಮ್ಮೆ ಗದರಿಸಿ ಕಳಿಸಿ, ಕೇರಿಯವರೆಲ್ಲರ ಬಾಯಿಗೆ ಬಿದ್ದಿದ್ದೆ. ಅಂಥವಳಿಗೇ ಇದು ಯಾಕಾಯಿತೋ ಗೊತ್ತಿಲ್ಲ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರಿಗೆ ಬೀರೂರು ಜಂಕ್ಷನ್ನಿನಲ್ಲಿ ಇಂಜಿನ್ನುಗಳಿಗೆ ಕಲ್ಲಿದ್ದಲು ತುಂಬುವ ಕೆಲಸ. ಒಬ್ಬಳೇ ಮಗಳು ಸರೋಜ, ಐದು ವರ್ಷದವಳು. ಹಿಂದಿನ ವರ್ಷ ಬಂದ ಒಂದು ಜ್ವರ ಬಿಟ್ಟು ಹೋಗುವಾಗ ಅವಳ ಬಲಗಾಲಿನ ಜೀವವನ್ನೂ ತೆಗೆದುಕೊಂಡು ಹೋಗಿತ್ತು. ಚಿವುಟಿದರೆ ಗೊತ್ತಾಗದು, ಬಿಸಿನೀರು ಬಿದ್ದರೂ ಗೊತ್ತಾಗದು. ತರೀಕೆರೆಯ ಡಾಕ್ಟರೊಬ್ಬರು ನೋಡಿ, ತಿಳಿದವರ ಕೈಯಲ್ಲಿ ದಿನಾ ಎಣ್ಣೆ ಹಾಕಿ ನೀವಿಸಿ, ಬಂದರೂ ಬರಬಹುದು ಎಂದರು. ದಿನಾ ಬಂದು ನೀವುವವರನ್ನು ನಾನೆಲ್ಲಿ ಹುಡುಕಲಿ? ನಾನೇ ಕಲಿಯುತ್ತೇನೆ, ಕಾಲು ಬಂದೇ ಬರಬೇಕು ಎಂದು ಹಟ ಹಿಡಿದೆ.

ಅಜ್ಜಂಪುರದಲ್ಲಿ ನೀಲಜ್ಜಿ ಇದ್ದಳು. ಬಾಣಂತಿಯರಿಗೆ, ಎಳೆಗೂಸುಗಳಿಗೆ, ಸೊಂಟ ಹಿಡಿದವರಿಗೆ ಎಣ್ಣೆ ಹಾಕಿ ನೀವುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಅವಳದೇ ಹೆಸರು. ಹೆಂಗಸರಿಗೆ ಕಲಿಸುತ್ತಿದ್ದಳು ಕೂಡ. ವಾರಕ್ಕೆರಡು ದಿನ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಬೆಳಗಿನ ರೈಲು ಹತ್ತಿ ಹೋಗುತ್ತಿದ್ದೆ. ಸಂಜೆಯ ಗಾಡಿಗೆ ವಾಪಸು.

ಹೋದ ದಿನವೇ ಮೈ ಮುಟ್ಟಿಸುತ್ತಾಳೆ ಅಂದುಕೊಂಡಿದ್ದೆ. ಎಲ್ಲಿ ಬಂತು! ಮೊದಲು ಉಗುರು ಕತ್ತರಿಸಿದಳು. ಬಳೆ ತೆಗೆ ಅಂದಾಗ ಮುತ್ತೈದೆ ನಾನು ತೆಗೆಯುವುದಿಲ್ಲ ಎಂದೆ. ಅದಕ್ಕೆ ಬಳೆಗಳನ್ನು ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿಕೊಟ್ಟಳು. ಆಮೇಲೆ ಎರಡು ತಿಂಗಳು ಬರೀ ಕಂಬಳಿ. ಮಡಿಸಿದ ಕಂಬಳಿಯ ಕೆಳಗೆ ಎಲ್ಲೋ ಒಂದು ಹುಣಸೆ ಬೀಜ ಇಡುವಳು, ನಾನು ಕಣ್ಣು ಮುಚ್ಚಿ ಅಂಗೈಯಲ್ಲಿ ಹುಡುಕಬೇಕು. ಒಂದು ಮಡಿಕೆಯಲ್ಲಿ ಸಿಕ್ಕಿದರೆ ಎರಡು ಮಡಿಕೆ, ಆಮೇಲೆ ನಾಲ್ಕು. ಒತ್ತಿದರೆ ಕೈಮೇಲೆ ಒಂದು ಏಟು. ಕೈ ಕೇಳಬೇಕು, ಕೈಯೇ ಮಾತಾಡಬಾರದು ಎನ್ನುತ್ತಿದ್ದಳು.

ಎಣ್ಣೆ ಎಷ್ಟು ಬೆಚ್ಚಗಿರಬೇಕು, ನೋಯುವ ಕಾಲನ್ನು ಬಿಟ್ಟು ಮೊದಲು ನೋಯದ ಕಾಲನ್ನು ಯಾಕೆ ನೀವಬೇಕು, ಬಿಸಿಯೇರಿ ಬಾತ ಜಾಗಕ್ಕೆ ಯಾಕೆ ಕೈ ಹಾಕಬಾರದು, ಎಲ್ಲಾ ಒಂದೊಂದಾಗಿ ಕಲಿಸಿದಳು. ಕೊನೆಗೊಂದು ಕಟ್ಟಳೆ ಇತ್ತು. ಯಾರ ಮೈ ನೀವಿದರೂ ಏಳುವ ಮೊದಲು ಎರಡೂ ಅಂಗೈಯನ್ನು ನೆಲಕ್ಕೆ ಊರಬೇಕು, ಕೈಗೆ ಬಂದ ನೋವು ಮಣ್ಣಿಗೆ ಹೋಗಬೇಕು. ಎಣ್ಣೆ ಕೈಗೆ ಮಣ್ಣು ಮೆತ್ತಿಕೊಳ್ಳುವುದು ನನಗೆ ಸುತರಾಂ ಸೇರುತ್ತಿರಲಿಲ್ಲ. ಆದರೂ ಅವಳು ನೋಡುತ್ತಾಳಲ್ಲ ಎಂದು ಊರುತ್ತಿದ್ದೆ.

ಆರನೆಯ ತಿಂಗಳಿಗೆ ಮಗಳ ಕಾಲು ನೀವಲು ಅಪ್ಪಣೆ ಕೊಟ್ಟಳು. ದಿನವೂ ನೀವುತ್ತಿದ್ದೆ. ತಣ್ಣಗೆ ಬಿದ್ದಿರುತ್ತಿತ್ತು ಕಾಲು. ಕಣ್ಣೀರು ಬರುತ್ತಿತ್ತು, ಆದರೆ ಒಂದು ದಿನವೂ ಬಿಡಲಿಲ್ಲ.

ಹೀಗಿರುವಾಗ ಒಂದು ದಿನ ಹಾಲಮ್ಮ ಎಂಬ ಮುದುಕಿ ನೀಲಜ್ಜಿಯ ಹತ್ತಿರ ಬಂದಳು. ಪಕ್ಕದ ಹಳ್ಳಿಯವಳು. ಬಲತೊಡೆಯಲ್ಲಿ ಹಳೆಯ ನೋವು, ಕಾಲು ಮಡಿಸಿ ಕೂರಲಾಗದು. ನೀಲಜ್ಜಿ ಅವಳನ್ನು ನನಗೇ ಒಪ್ಪಿಸಿ ಒಳಗೆ ಹೋದಳು. ಮಂಡಿಯಿಂದ ಒಂದು ಗೇಣು ಮೇಲೆ, ಹೊರಗಡೆಗೆ, ಗಂಟು ಕೈಗೆ ಸಿಕ್ಕಿತು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ನೀವಿರಲಿಲ್ಲ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಷ್ಟರಲ್ಲಿ ಗಾಡಿ ಕೂಗಿತು. ಕೈಯನ್ನು ಸೆರಗಿಗೆ ಒರೆಸಿಕೊಂಡವಳೇ ಸ್ಟೇಷನ್ನಿಗೆ ಓಡಿದೆ. ನೆಲ ಮುಟ್ಟಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸೀದಾ ಸರೋಜಳನ್ನು ಮಲಗಿಸಿ ಕಾಲು ಹಿಡಿದೆ. ಮಂಡಿಯ ಮೇಲೆ ಕೈ ಹೋಯಿತೋ ಇಲ್ಲವೋ, ಮಗು ಚಿಟ್ಟನೆ ಚೀರಿ ಎದ್ದು ಕೂತಿತು.

"ಅವ್ವಾ, ನೋಯ್ತೈತೆ. ಎತ್ತು ತುಳೀತೈತೆ."

ಎಲ್ಲಿ ಎಂದೆ. ತೊಡೆಯ ಹೊರಗಡೆ, ಮಂಡಿಯಿಂದ ಅವಳದೇ ಪುಟ್ಟ ಗೇಣಿನಷ್ಟು ಮೇಲೆ, ಬೆರಳಿಟ್ಟು ತೋರಿಸಿದಳು. ಯಾವ ಎತ್ತೇ ಎಂದು ಕೇಳಿದರೆ ಅಳುತ್ತಲೇ ಒಂದು ಕೊಂಬಿನದು ಎಂದಳು. ನಮ್ಮ ಕೇರಿಯಲ್ಲಿ ಅಂಥ ಎತ್ತು ಇರಲೇ ಇಲ್ಲ. ನನಗೆ ಆಗ ಎತ್ತು ಯಾಕೆ ಬೇಕಿತ್ತು? ಒಂದು ವರ್ಷದಿಂದ ಚಿವುಟಿದರೂ ತಿಳಿಯದ ಕಾಲು ನೋಯುತ್ತಿತ್ತು. ಮಗಳನ್ನು ತಬ್ಬಿಕೊಂಡು ನಾನೂ ಅತ್ತೆ. ನನ್ನದು ಸಂತೋಷದ ಅಳು.

ಮುಂದಿನ ಸಲ ಅಜ್ಜಂಪುರಕ್ಕೆ ಹೋದಾಗ ಹಾಲಮ್ಮ ಜಗಲಿಯ ಮೇಲೆ ಕಾಲು ಮಡಿಸಿ ಕೂತಿದ್ದಳು. ಅಂದಿನಿಂದ ನೋವೇ ಇಲ್ಲವಂತೆ. ಎಣ್ಣೆ ಕಾಯಿಸುತ್ತಾ, ಅಷ್ಟು ವರ್ಷದ ನೋವು ಬಂದದ್ದಾದರೂ ಹೇಗೆ ಎಂದು ಮಾತಿಗೆ ಕೇಳಿದೆ. ಹರೆಯದಲ್ಲಿ ಕಣದಲ್ಲಿ ಬಿದ್ದಾಗ ಎತ್ತು ತುಳಿದದ್ದು ಎಂದಳು. ಒಂದು ಕೊಂಬು ಮುರಿದಿದ್ದ ಎತ್ತು.

ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ನೀಲಜ್ಜಿಯನ್ನು ಕರೆದು ಕೂರಿಸಿದೆ. ಇಬ್ಬರಿಗೂ ನಡೆದದ್ದನ್ನೆಲ್ಲ ಹೇಳಿದೆ. ನೀಲಜ್ಜಿ, ಅವತ್ತು ನೆಲ ಮುಟ್ಟಿದ್ದೆಯಾ ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಎದ್ದು ಒಳಗೆ ಹೋದಳು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಎರಡು ದಿನ ಬಿಟ್ಟು ಹಾಲಮ್ಮ ರೈಲು ಹತ್ತಿ ಬೀರೂರಿಗೆ, ನಮ್ಮ ಮನೆ ಹುಡುಕಿಕೊಂಡು ಬಂದಳು. ಸರೋಜಳ ಮುಂದೆ ಕೂತು, ಇನ್ನೂ ನೋಯುತ್ತದಾ ಎಂದು ಕೇಳಿದಳು. ಮಗು ಹೂಂ ಅಂದಿತು. ಮುದುಕಿಯ ಕಣ್ಣು ತುಂಬಿತು. ತನ್ನ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ನನ್ನ ಕೈ ಹಿಡಿದುಕೊಂಡಳು.

"ಆ ನೋವು ನಂದು ಕಣವ್ವ. ಇಷ್ಟು ವರ್ಷ ನಾನೇ ಸಾಕಿದೀನಿ. ಎಳೇ ಮಗೀಗೆ ಯಾಕದು? ಹೆಂಗ್ ತಂದ್ಯೋ ಹಂಗೇ ನಂಗೆ ವಾಪಸ್ ಕೊಟ್ಬಿಡು."

ಆಗ ನಾನು ಕೊಟ್ಟ ಉತ್ತರ ನೆನೆದರೆ ಇವತ್ತಿಗೂ ನನಗೆ ನಾಚಿಕೆ ಆಗುವುದಿಲ್ಲ.

"ಕೊಡಲ್ಲ ಕಣಜ್ಜಿ. ಆ ಕಾಲಲ್ಲಿ ಇರೋದು ಅದೊಂದೇ."

ಹಾಲಮ್ಮ ಸೀರೆ ಇಳಿಸಿಕೊಂಡು, ಮಗುವಿನ ತಲೆ ಸವರಿ, ಸಂಜೆಯ ಗಾಡಿಗೆ ಹೊರಟುಹೋದಳು.

ನೋವಿನ ಹಿಂದೆಯೇ ಹೆಬ್ಬೆರಳು ಅಲುಗಿತು, ಆಮೇಲೆ ಪಾದ. ಎರಡು ವರ್ಷ ಎಡೆಬಿಡದೆ ನೀವಿದೆ. ಗೋಡೆ ಹಿಡಿದು, ಆಮೇಲೆ ಗೋಡೆ ಬಿಟ್ಟು, ಸರೋಜ ನಡೆದಳು. ಡಾಕ್ಟರು ನಿಮ್ಮ ಶ್ರಮ ಫಲಿಸಿತು ಎಂದರು. ಇದ್ದೀತು. ಕಾಲು ಬೇಗ ಬರಲೆಂಬ ಆಸೆಗೆ ನಡುವೆ ಒಂದು ತಿಂಗಳು ಯಾರನ್ನು ನೀವಿದರೂ ಬೇಕೆಂದೇ ನೆಲ ಮುಟ್ಟದೆ ಬಂದು ಮಗಳ ಕಾಲು ಹಿಡಿದದ್ದೂ ಉಂಟು. ಏನೂ ಆಗಲಿಲ್ಲ. ಮತ್ತೆಂದೂ ಆಗಲಿಲ್ಲ. ನೀಲಜ್ಜಿಯನ್ನು ಎಷ್ಟು ಕೆದಕಿದರೂ ತಾನೂ ಅಂಥದ್ದನ್ನು ಕಂಡಿಲ್ಲ ಎಂದಳು.

ಸರೋಜ ಈಗ ಮೊಮ್ಮಕ್ಕಳನ್ನು ಕಂಡವಳು. ಸ್ವಲ್ಪ ಕುಂಟು ಉಳಿದಿದೆ. ಮೋಡ ಕವಿದ ದಿನ ಎತ್ತು ತುಳಿದ ಜಾಗ ನೋಯುತ್ತದೆ ಎಂದು ನನ್ನ ಮುಂದೆ ಕಾಲು ಚಾಚುತ್ತಾಳೆ. ಕೈಯಲ್ಲಿ ಮೊದಲಿನ ಕಸುವಿಲ್ಲ, ಆದರೂ ನೀವುತ್ತೇನೆ. ಇಷ್ಟು ವರ್ಷ ಊರವರ ಮೈಯೆಲ್ಲ ನೀವಿ, ಆ ಒಂದು ತಿಂಗಳು ಬಿಟ್ಟರೆ ಪ್ರತಿ ಸಲ ನೆಲಕ್ಕೆ ಅಂಗೈ ಊರಿದ್ದೇನೆ. ಅವಳೊಬ್ಬಳ ಕಾಲು ನೀವಿದ ಮೇಲೆ ಮಾತ್ರ ಇವತ್ತಿಗೂ ಊರುವುದಿಲ್ಲ. ಆ ಕಾಲನ್ನು ಎಬ್ಬಿಸಿದ ನೋವನ್ನು ಮಣ್ಣಿಗೆ ಬಿಡಲು ಮನಸ್ಸು ಬರುವುದಿಲ್ಲ. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತೇನೆ.