ಫೆರ್ಮಿನಾ ಅಕ್ಕನ ಎರಡು ನಿಮಿಷ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಅಲ್ಮೆಂದ್ರಾ ಹೈಸ್ಕೂಲಿನ ಅಡುಗೆಮನೆಯ ಹಿಂಬಾಗಿಲನ್ನು ಸೊಂಟದಿಂದ ತಳ್ಳಿಕೊಂಡು ಒಳಗೆ ಬರುವ ಫೆರ್ಮಿನಾ ದುಮ್ಲಾವ್ ಮೊದಲು ಹಚ್ಚುವುದು ರೇಡಿಯೊ, ಆಮೇಲೆ ಒಲೆ. ತಲೆಗೆ ಬಲೆ, ಕೈಗೆ ಗವಸು. ಏಳೂವರೆಯೊಳಗೆ ನಾನೂರ ಮೂವತ್ತು ಮಕ್ಕಳ ತಿಂಡಿ ತಯಾರಾಗಬೇಕು. ಮೊಟ್ಟೆ ಒಡೆಯುವ ಕೆಲಸವಿಲ್ಲ, ಪುಡಿಯಾಗಿ ಡಬ್ಬದಲ್ಲೇ ಬರುತ್ತದೆ. "ಇದನ್ನ ಮೊಟ್ಟೆ ಅಂತ ಸರ್ಕಾರ ಮಾತ್ರ ಕರೆಯುತ್ತೆ, ಕೋಳಿ ಒಪ್ಪಲ್ಲ" ಎನ್ನುತ್ತಾ ನನಗೂ ಒಂದು ಚಮಚ ರುಚಿ ತೋರಿಸುತ್ತಾರೆ. ನಾನು ಕೋಳಿಯ ಪಕ್ಷ.

ಆರು ಗಂಟೆಗೆ ಅವರ ಸ್ವಂತ ಡಬ್ಬಿ ತೆರೆಯುತ್ತದೆ: ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಣಮೀನು. ವಾಸನೆ ಎಂದು ಮೂಗು ಮುರಿಯುತ್ತಿದ್ದ ಮೇಲ್ವಿಚಾರಕಿ ಈಗ ತಾನಾಗಿಯೇ ಬಂದು ಒಂದು ತುಂಡು ಕೇಳುತ್ತಾಳಂತೆ.

ಕ್ಯಾಲಿಫೋರ್ನಿಯಾದ ಈ ಕಣಿವೆಗೆ ಬಂದು ನನಗೆ ಹತ್ತೊಂಬತ್ತು ವರ್ಷವಾಯಿತು. ನನ್ನ ಮಗಳೂ ಇದೇ ಅಡುಗೆಮನೆಯ ತಿಂಡಿ ತಿಂದು ಓದಿದವಳು. ಆದರೂ ಫೆರ್ಮಿನಾ ಎಂದರೆ ಹಾಲಿನ ಪೊಟ್ಟಣ ಕೊಡುವಾಕೆ ಎಂದಷ್ಟೇ ತಿಳಿದಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವರಿಗೆ ಐವತ್ತೇಳು. ದಿನಕ್ಕೆ ಐದೂಮುಕ್ಕಾಲು ಗಂಟೆಯ ಕೆಲಸ. ಆರು ತುಂಬಿದರೆ ಆರೋಗ್ಯ ವಿಮೆ ಕೊಡಬೇಕಾಗುತ್ತದೆ. ಅದಕ್ಕೇ ಕಾಲು ಗಂಟೆ ಮೊದಲೇ ಮನೆಗೆ ಕಳಿಸುವ ಜಾಣತನ ಶಾಲಾ ಮಂಡಳಿಯದು. ಗಂಡ ತೀರಿಕೊಂಡು ಒಂಬತ್ತು ವರ್ಷ. ಮೊಣಕಾಲು ಎರಡೂ ಸವೆದಿವೆ. ಮಧ್ಯಾಹ್ನ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಬೇರೆ. ಅದು ಮುಗಿಸಿ ಮೂರೂವರೆಗೆ ಚರ್ಚಿನ ಹಿಂದಿನ ಕೋಣೆಗೆ ಬರುತ್ತಾರೆ. ವಾರಕ್ಕೆರಡು ದಿನ, ಹನ್ನೊಂದು ವರ್ಷದಿಂದ.

ಅಲ್ಲಿ ಹೈಸ್ಕೂಲು ಮಕ್ಕಳು ಸೇರುತ್ತಾರೆ. ಗುಂಪಿನ ಹೆಸರು 'ರಮುತ್'. ಫೆರ್ಮಿನಾ ಅವರ ಮನೆಮಾತಾದ ಫಿಲಿಪೀನ್ಸಿನ ಇಲೋಕಾನೊ ಭಾಷೆಯಲ್ಲಿ ಬೇರು ಎಂದರ್ಥ. ಈ ಕಣಿವೆಯಲ್ಲಿ ದುಡಿದ ಫಿಲಿಪಿನೊ, ಮೆಕ್ಸಿಕನ್, ಆಗ್ನೇಯ ಏಷ್ಯಾದ ಮಾಂಗ್, ಕಪ್ಪು ಜನರ ಕತೆಯನ್ನು, ಇಲ್ಲಿ ಎಲ್ಲರಿಗಿಂತ ಮೊದಲಿದ್ದ ಮೂಲನಿವಾಸಿಗಳ ಕತೆಯನ್ನು ಶಾಲೆಯಲ್ಲೇ ಪಾಠವಾಗಿ ಕಲಿಸಿ ಎಂಬುದು ಅವರ ಬೇಡಿಕೆ. ಪಾಠಪಟ್ಟಿಯಲ್ಲಿ ಅದಕ್ಕೆ 'ಜನಾಂಗ ಅಧ್ಯಯನ' ಎಂಬ ಭಾರವಾದ ಹೆಸರಿದೆ, ಮಕ್ಕಳ ಬಾಯಲ್ಲಿ ಅದು 'ನಮ್ಮ ಕ್ಲಾಸು'. ಎಂಟು ವರ್ಷ ಅಲೆದ ಮೇಲೆ ಒಂದು ಶಾಲೆಯಲ್ಲಿ ಒಂದೇ ಒಂದು ತರಗತಿ ಸಿಕ್ಕಿತು. ಈ ವಸಂತದಲ್ಲಿ ಅದನ್ನೂ ಮುಚ್ಚುವ ಮಾತು ಬಂತು. ಕಳೆದ ಮಂಗಳವಾರದ ಸಭೆಯಲ್ಲಿ ಮಂಡಳಿ ಮತ ಹಾಕಬೇಕಿತ್ತು: ಊರಿನ ಎರಡೂ ಹೈಸ್ಕೂಲುಗಳಲ್ಲಿ ನಡೆಯಬೇಕೋ, ಜೂನ್‌ಗೆ ನಿಲ್ಲಬೇಕೋ.

ಫೆರ್ಮಿನಾ ಇದಕ್ಕೆ ಇಳಿದದ್ದು ಅಪ್ಪನಿಂದಾಗಿ. ಸಿಪ್ರಿಯಾನೊ ದುಮ್ಲಾವ್ ಹತ್ತೊಂಬತ್ತರ ವಯಸ್ಸಿನಲ್ಲಿ ಹಡಗು ಹತ್ತಿ ಬಂದು ಈ ಊರಿನ ಆಸ್ಪರಾಗಸ್ ತರಕಾರಿಯ ಹೊಲಗಳಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಬಗ್ಗಿ ಕೊಯ್ದವರು. ಐವತ್ತು ದಾಟಿದ ಮೇಲೆ ಫಿಲಿಪೀನ್ಸಿಗೆ ಹೋಗಿ ಮದುವೆಯಾಗಿ ಬಂದರು. "ನಂಗೆ ಹದಿಮೂರು ವರ್ಷ. ಈ ಊರಿನ ಚರಿತ್ರೆ ಪುಸ್ತಕ ಮನೆಗೆ ತಂದಿದ್ದೆ. ಅದ್ರಲ್ಲಿ ಒಂದೇ ಒಂದು ಸಾಲು, 'ಕೂಲಿಯಾಳುಗಳೂ ಬಂದರು' ಅಂತ. ಅಪ್ಪ ಅದರ ಮೇಲೆ ಬೆರಳಿಟ್ಟು, 'ನನ್ನ ಹೆಸರು ಯಾವ ಪುಟದಲ್ಲಿದೆ ಮಗಳೇ?' ಅಂದ್ರು. ತಮಾಷೆಗೆ ಅಂದಿದ್ದಲ್ಲ. ನಿಜವಾಗ್ಲೂ ಹುಡುಕ್ತಿದ್ರು." ಇಷ್ಟು ಹೇಳಿ ಫೆರ್ಮಿನಾ ಸೌಟು ತೊಳೆಯಲು ಎದ್ದು ಹೋಗುತ್ತಾರೆ. ತೊಳೆದ ಸೌಟನ್ನೇ ಮತ್ತೊಮ್ಮೆ ತೊಳೆಯುತ್ತಾರೆ.

'ರಮುತ್' ಗುಂಪಿನಲ್ಲಿ ಎರಡು ಕಟ್ಟುಪಾಡು. ಸಭೆಯಲ್ಲಿ ಮೈಕಿನ ಮುಂದೆ ಮಕ್ಕಳೇ ಮಾತಾಡಬೇಕು, ದೊಡ್ಡವರು ಗೋಡೆಗೊರಗಿ ನಿಲ್ಲಬೇಕು. ಯಾವುದೇ ತೀರ್ಮಾನ ಬೆರಳಿನಿಂದ: ಮುಷ್ಟಿ ಹಿಡಿದರೆ ಸುತರಾಂ ಒಲ್ಲೆ, ಐದೂ ಬಿಡಿಸಿದರೆ ಪೂರಾ ಒಪ್ಪಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಕಟ್ಟುಪಾಡು ಮುರಿಯಲು ಹೊರಟವರು ಮಕ್ಕಳೇ. "ಈ ಸಲ ಅಕ್ಕ ಮಾತಾಡ್ಲಿ, ಅವ್ರ ಅಪ್ಪನ ಬಗ್ಗೆ" ಎಂದು ಮುಂದಾಳು ಮರಿಕರ್ ಎಂಬ ಹದಿನಾರರ ಹುಡುಗಿ ಕೇಳಿದಾಗ ಕೋಣೆಯ ಎಲ್ಲರೂ ಐದು ಬೆರಳೆತ್ತಿದರಂತೆ. ಫೆರ್ಮಿನಾ ಎತ್ತಿದ್ದು ಎರಡು. ಮುಷ್ಟಿ ಹಿಡಿಯಲಿಲ್ಲವಲ್ಲ, ಅಷ್ಟೇ ಸಾಕಾಯಿತು. ಹದಿನೈದು ದಿನ ಅವರು ಮೊಟ್ಟೆ ಕಲಕುತ್ತಾ ಆ ಎರಡು ನಿಮಿಷದ ಮಾತನ್ನು ಬಾಯಿಪಾಠ ಮಾಡಿದ್ದರು. ಅಪ್ಪನ ಹೆಸರು ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರಂತೆ.

ಮಂಗಳವಾರ ನಾನೂ ಹೋಗಿದ್ದೆ. ಮಾತಾಡಬೇಕೆನ್ನುವವರು ಬಾಗಿಲಲ್ಲಿ ಚೀಟಿ ಬರೆದು ಕೊಡಬೇಕು. ಜನ ಹೆಚ್ಚಿದಷ್ಟೂ ಮಂಡಳಿ ಬಗ್ಗುತ್ತದೆ ಎಂಬ ಲೆಕ್ಕದಲ್ಲಿ ಫೆರ್ಮಿನಾ ಹಳೆಯ ವಿದ್ಯಾರ್ಥಿಗಳನ್ನೂ ಬಿಡದೆ ಕರೆತಂದಿದ್ದರು. ಎಪ್ಪತ್ತೊಂದು ಚೀಟಿ, ಎಲ್ಲವೂ ಇವರ ಕಡೆಯವರದೇ. ಅಧ್ಯಕ್ಷರು ಚೀಟಿಗಳ ಕಟ್ಟು ಎತ್ತಿ ತೋರಿಸಿ, ಮಾತಾಡುವವರು ಮೂವತ್ತು ದಾಟಿದರೆ ಒಬ್ಬೊಬ್ಬರಿಗೆ ಎರಡಲ್ಲ, ಒಂದೇ ನಿಮಿಷ, ನಿಯಮ ಹಾಗಿದೆ ಎಂದರು. ಮಕ್ಕಳ ಮುಖ ಸಪ್ಪಗಾಯಿತು. ಮೂರು ವಾರ ಗಡಿಯಾರ ಹಿಡಿದು ಅಭ್ಯಾಸ ಮಾಡಿದ ಮಾತು ಅರ್ಧಕ್ಕೇ ತುಂಡಾಗುತ್ತದೆ.

"ತಪ್ಪು ನಂದೇ ಕಣ್ರೋ" ಎಂದರು ಫೆರ್ಮಿನಾ. "ಜನ ಸೇರಿಸೋ ಹುಚ್ಚಲ್ಲಿ ನಿಯಮ ಮರ್ತೆ."

ಹತ್ತು ನಿಮಿಷದ ಬಿಡುವಿತ್ತು. ಮರಿಕರ್ ಎಲ್ಲರನ್ನೂ ಪಡಸಾಲೆಗೆ ಎಳೆದಳು. "ನಲವತ್ತೊಂದು ಜನ ಚೀಟಿ ವಾಪಸ್ ತಗೊಂಡ್ರೆ ಉಳಿದ ಮೂವತ್ತು ಜನಕ್ಕೆ ಪೂರ್ತಿ ಎರಡು ನಿಮಿಷ ಸಿಗುತ್ತೆ. ಬೆರಳೆತ್ತಿ." ಬೆರಳುಗಳು ಮೆಲ್ಲಗೆ ಎದ್ದವು. ಮುಷ್ಟಿ ಒಂದೂ ಇಲ್ಲ. ಒಬ್ಬೊಬ್ಬರೇ ಗುಮಾಸ್ತೆಯ ಮೇಜಿಗೆ ಹೋಗಿ ಚೀಟಿ ವಾಪಸ್ ಪಡೆದು ಮರಿಕರ್ ಕೈಗೆ ಇಟ್ಟರು. ಹೊಸ ಅಂಗಿ ತೊಟ್ಟು ಬಂದಿದ್ದ ಒಬ್ಬ ಹುಡುಗಿ ಅಳುತ್ತಲೇ ಕೊಟ್ಟಳು. ನಲವತ್ತಾಯಿತು. ನಲವತ್ತೊಂದನೆಯದನ್ನು ಚಾಚಿದ ಕೈ ಫೆರ್ಮಿನಾ ಅವರದು.

"ಬೇಡ ಅಕ್ಕಾ. ನಿಮ್ದು ಬೇಡ. ಬೇರೆ ಯಾರನ್ನಾದ್ರೂ ಕೇಳ್ತೀನಿ."

"ನಲವತ್ತೊಂದು ಅಂದವಳು ನೀನೇ ತಾನೆ? ಎಣಿಸೋಕೆ ಬರಲ್ವೇನೆ ನಿಂಗೆ?"

"ನಿಮ್ಮಪ್ಪನ್ ಮಾತು ಅಕ್ಕಾ..."

"ನಮ್ಮಪ್ಪ ನಲವತ್ತು ವರ್ಷದ ಮೇಲೆ ಕಾದ್ರು. ಈ ಕ್ಲಾಸು ಜೂನ್ ತನಕ ಮಾತ್ರ ಕಾಯುತ್ತೆ. ಹಿಡಿ."

ಮರಿಕರ್ ಹಿಡಿದಳು. ನನ್ನ ಕಣ್ಣು ಒದ್ದೆಯಾಯಿತು. ಬಿಡುವು ಮುಗಿಯಿತು. ಫೆರ್ಮಿನಾ ಎಂದಿನಂತೆ ಗೋಡೆಗೊರಗಿ ನಿಂತರು. ಮೂವತ್ತು ಮಕ್ಕಳು ಒಬ್ಬರಾದ ಮೇಲೊಬ್ಬರು ಪೂರ್ತಿ ಎರಡು ನಿಮಿಷ ಮಾತಾಡಿದರು. "ನಮ್ಮಜ್ಜಿ ಹೆಸರು ಈ ಊರಿನ ಪತ್ರಿಕೇಲಿ ಒಂದೇ ಸಲ ಬಂದಿದ್ದು, ತೀರಿಕೊಂಡಾಗ. ಅದನ್ನೂ ನಾವೇ ದುಡ್ಡು ಕೊಟ್ಟು ಹಾಕಿಸಿದ್ವಿ" ಎಂದು ಮರಿಕರ್ ಹೇಳಿದಾಗ ಮಂಡಳಿಯ ಒಬ್ಬ ಸದಸ್ಯರು ಕನ್ನಡಕ ತೆಗೆದಿಟ್ಟರು. ಪರವಾಗಿ ನಾಲ್ಕು ಮತ, ವಿರುದ್ಧ ಮೂರು. ಆಗಸ್ಟ್‌ನಿಂದ ಎರಡೂ ಹೈಸ್ಕೂಲುಗಳಲ್ಲಿ ಪಾಠ ನಡೆಯುತ್ತದೆ. ಮಕ್ಕಳು ಕುಣಿಯುತ್ತಿದ್ದರೆ ಫೆರ್ಮಿನಾ ಕುರ್ಚಿ ಮಡಚುತ್ತಿದ್ದರು, ಬೆಳಿಗ್ಗೆ ಕೆಲಸವಿದೆ ಎಂದು.

ಸಭೆಯ ನಡಾವಳಿಯಲ್ಲಿ ಮೂವತ್ತು ಹೆಸರುಗಳಿವೆ. ಫೆರ್ಮಿನಾ ಹೆಸರಿಲ್ಲ, ಸಿಪ್ರಿಯಾನೊ ಹೆಸರೂ ಇಲ್ಲ. ಬೇಸರವಿಲ್ಲವೇ ಎಂದು ಅಡುಗೆಮನೆಯಲ್ಲಿ ಕೇಳುತ್ತೇನೆ. ಅವರು ಹಾಲಿನ ಪೊಟ್ಟಣಗಳನ್ನು ಜೋಡಿಸುತ್ತಲೇ ಇದ್ದಾರೆ.

"ಇದೆ. ಯಾಕಿಲ್ಲ? ಅವತ್ತು ಮನೆಗೆ ಹೋಗಿ ಅಪ್ಪನ ಫೋಟೊ ಮುಂದೆ ಅತ್ತೆ" ಎನ್ನುತ್ತಾರೆ. ಹೊರಗೆ ಮೊದಲ ಬಸ್ಸು ಬಂದ ಸದ್ದು. "ಆಗಸ್ಟ್‌ನಲ್ಲಿ ಆ ಕ್ಲಾಸಲ್ಲಿ ಯಾವುದಾದ್ರೂ ಮಗು ಕೇಳೇ ಕೇಳುತ್ತೆ, ಆ ಹೊಲಗಳಲ್ಲಿ ಕೊಯ್ದವರು ಯಾರು ಅಂತ. ಮೇಷ್ಟ್ರಿಗೆ ಹೇಳಿದ್ದೀನಿ, ಆ ಮಗೂನ ಇಲ್ಲಿಗೆ ಕಳಿಸಿ ಅಂತ. ತಿಂಡಿ ಕೊಟ್ಟು ಕೂರಿಸಿಕೊಂಡು ಹೇಳ್ತೀನಿ. ಇಲ್ಲಿ ಎರಡು ನಿಮಿಷ ಆಯ್ತು ಅಂತ ಗಂಟೆ ಹೊಡೆಯೋರು ಯಾರೂ ಇಲ್ಲ."